ಮೂಲೆ ಇಲ್ಲದ ಕಾಗದ

ಮಿಲಿಟರಿಯಲ್ಲಿದ್ದವನು ಎಂದ ಕೂಡಲೆ ಜನ ಹತ್ತಿರ ಸರಿದು ಕೂರುತ್ತಾರೆ. ಎಷ್ಟು ಮಂದಿಯನ್ನು ಹೊಡೆದೆ, ಗುಂಡು ಎಲ್ಲಿ ತಗುಲಿತು ಎಂದು ಕೇಳುತ್ತಾರೆ. ನಾನು ಯಾರನ್ನೂ ಹೊಡೆಯಲಿಲ್ಲ. ನನ್ನ ಕೈಗೆ ಕೊಟ್ಟದ್ದು ಸಲಿಕೆ. ಎರಡನೇ ಮಹಾಯುದ್ಧದ ಕಾಲ, ಇಟಲಿ ದೇಶದ ಒಂದು ಬೆಟ್ಟದ ನೆತ್ತಿಯಲ್ಲಿ ಲಾರಿ ಓಡಾಡುವ ರಸ್ತೆಯೊಂದಿತ್ತು. ಅದರ ಮೇಲೆ ಬಿದ್ದ ಹಿಮವನ್ನು ಬೆಳಗ್ಗೆ ಎತ್ತಿ ಪಕ್ಕಕ್ಕೆ ಹಾಕುವುದು, ಮತ್ತೆ ಬಿದ್ದದ್ದನ್ನು ಮಧ್ಯಾಹ್ನ ಎತ್ತಿ ಹಾಕುವುದು. ಇಷ್ಟೇ ನನ್ನ ಯುದ್ಧ. ಕೇಳಿದವರು ಮುಖ ಸಪ್ಪೆ ಮಾಡಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ, ಅವರಿಗಾಗಿ ನಾನು ಸುಳ್ಳು ಹೇಳಲಾರೆ.

ಸೇರಿದ್ದೂ ದೇಶಕ್ಕಾಗಿ ಅಲ್ಲ, ನಮ್ಮ ಮಹಾರಾಜರಿಗಾಗಿಯೂ ಅಲ್ಲ. ಶಿರಾ ಸಂತೆಗೆ ಎರಡು ಕುರಿ ಹೊಡೆದುಕೊಂಡು ಹೋಗಿದ್ದೆ. ಹುಣಸೆಮರದ ಕೆಳಗೆ ಮಿಲಿಟರಿಗೆ ಜನ ಸೇರಿಸುವವನೊಬ್ಬ ಮೇಜು ಹಾಕಿಕೊಂಡು ಕೂತಿದ್ದ. ಸೇರಿದವರಿಗೆ ಲಾರಿ ಓಡಿಸುವುದನ್ನು ಕಲಿಸುತ್ತಾರೆ ಎಂದ. ನನಗೆ ಲಾರಿಯ ಹುಚ್ಚು. ಗೌಡಗೆರೆ ದಾರಿಯಲ್ಲಿ ಅಪರೂಪಕ್ಕೆ ಒಂದು ಲಾರಿ ಹೋದರೆ ಅದರ ಹಿಂದೆ ಧೂಳು ಕುಡಿಯುತ್ತ ಓಡಿ ಬೆಳೆದವನು ನಾನು. ಹೆಬ್ಬೆಟ್ಟು ಒತ್ತಿಬಿಟ್ಟೆ. ಲಾರಿಯ ಚಕ್ರ ಹಿಡಿಯುವ ಭಾಗ್ಯ ಕೊನೆಯವರೆಗೂ ಬರಲಿಲ್ಲ. ಹಿಮದಲ್ಲಿ ಹೂತ ಲಾರಿಗಳನ್ನು ಹಿಂದಿನಿಂದ ತಳ್ಳಿದ್ದೇ ಬಂತು.

ಅವ್ವ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ಅಪ್ಪ ತೀರಿಹೋಗಿ ಆಗಲೇ ಹತ್ತು ವರ್ಷವಾಗಿತ್ತು. ಆಕೆಗೆ ನಾನೊಬ್ಬನೇ ಮಗ. ಹೊಲವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ ಎಂದು ನಾನು ಸಮಾಧಾನ ಹೇಳಿದರೆ, ಹೊಲಕ್ಕೇನು ಬೆಂಕಿ ಹಾಕ್ಲಾ ಎಂದು ಒಲೆಯ ಕಡೆ ತಿರುಗಿಕೊಂಡಳು. ಹಡಗು ಹತ್ತುವ ಮೊದಲು ಇಪ್ಪತ್ತು ದಿನ ರಜೆ ಕೊಟ್ಟರು. ಅವ್ವ ಆ ಇಪ್ಪತ್ತು ದಿನದೊಳಗೆ ಹುಡುಗಿ ಹುಡುಕಿ ಮದುವೆಯನ್ನೂ ಮುಗಿಸಿದಳು. ಹೆಂಡತಿ ಇದ್ದರೆ ಕಾಲು ಮನೆ ಕಡೆ ತಿರುಗುತ್ತದೆ ಎಂಬುದು ಆಕೆಯ ಲೆಕ್ಕಾಚಾರ. ಹೆಂಡತಿಯ ಜೊತೆ ನಾನು ಇದ್ದದ್ದು ಹನ್ನೆರಡು ದಿನ. ಅದರಲ್ಲಿ ನಾಲ್ಕು ದಿನ ಆಕೆ ನನ್ನ ಮುಖವನ್ನೇ ನೋಡಲಿಲ್ಲ.

ಹೊರಡುವ ಬೆಳಗ್ಗೆ ಅವ್ವ ಹುರಿದ ಕಡ್ಲೆಕಾಯಿ, ಬೆಲ್ಲ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಕಡ್ಲೆಕಾಯಿ ಬೆಲ್ಲ ಎಂದರೆ ಆಕೆಗೆ ಪ್ರಾಣ. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಹಿಡಿ ಇರುತ್ತಿತ್ತು. ಗಂಟು ನನ್ನ ಕೈಗಿಡುತ್ತ, "ನಾನು ಸತ್ರೂ ನಿಂಗೆ ತಿಳಿಯಕಿಲ್ಲ ಬುಡು" ಎಂದಳು. ನನಗೆ ರೇಗಿತು. "ತಿಳಿದ್ರೆ ತಾನೆ ಏನು, ಅಲ್ಲಿಂದ ಎದ್ ಬರಾಕಾಯ್ತದಾ?" ಎಂದೆ. ಹೊರಡುವ ಗಳಿಗೆಯಲ್ಲಿ ಯಾರಾದರೂ ಆಡುವ ಮಾತೇ ಅದು? ಆಡಿದೆ. ಅವ್ವ ಒಳಕ್ಕೆ ಹೋದಳು. ಗಂಟನ್ನು ರೈಲಿನಲ್ಲಿ ಬಿಚ್ಚಿ ಪಕ್ಕದವರಿಗೆಲ್ಲ ಹಂಚಿದೆ. ಒಂದು ಕಾಳನ್ನೂ ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ, ಅಷ್ಟು ಸಿಟ್ಟು.

ಇನ್ನು ಬೆಟ್ಟದ ಮಾತು. ಮಧುಗಿರಿ ಬೆಟ್ಟ ನೋಡಿದವನಿಗೆ ಬೆಟ್ಟ ಎಂದರೆ ಬಿಸಿಲಿಗೆ ಕಾದ ಬಂಡೆ, ಬರಿಗಾಲಲ್ಲಿ ಹತ್ತಿದರೆ ಅಂಗಾಲು ಚುರುಗುಟ್ಟಬೇಕು. ಇಲ್ಲಿ ಬೆಟ್ಟಕ್ಕೆ ಬಣ್ಣವೂ ಇಲ್ಲ, ಶಬ್ದವೂ ಇಲ್ಲ. ಹನ್ನೆರಡು ಡೇರೆ, ಒಂದು ಅಡುಗೆ ಡೇರೆ, ಕಲ್ಲುಗೋಡೆಯ ಒಂದು ಮುರುಕು ಕೊಟ್ಟಿಗೆ. ಕೊಟ್ಟಿಗೆಯಲ್ಲಿ ನಮ್ಮ ಬಿಳಿ ಸಾಹೇಬ ಇರುತ್ತಿದ್ದ. ಬೆಳಗ್ಗೆ ಸೀಟಿ ಊದುತ್ತಿದ್ದರು. ತಗಡಿನ ಲೋಟದಲ್ಲಿ ಟೀ. ಲೋಟ ತುಟಿಗೆ ತಾಗಿಸಿ ಬೇಗ ತೆಗೆಯದಿದ್ದರೆ ಚರ್ಮ ಅಂಟಿಕೊಳ್ಳುತ್ತಿತ್ತು. ಆಮೇಲೆ ಸಲಿಕೆ. ಮಧ್ಯಾಹ್ನ ಅನ್ನ, ಬೇಳೆ. ಮತ್ತೆ ಸಲಿಕೆ. ನಾಲ್ಕು ಗಂಟೆಗೆಲ್ಲ ಕತ್ತಲು. ಪೆಟ್ರೋಲ್ ಡಬ್ಬ ಕೊರೆದು ಮಾಡಿದ ಒಲೆಯ ಸುತ್ತ ಕಾಲುಚೀಲ ಒಣಹಾಕಿ ಕೂರುವುದು. ಡೇರೆಯಲ್ಲಿ ಆರು ಜನ. ಆರು ಜನರ ಕಾಲುಚೀಲದ ನಾತದಲ್ಲೇ ನಾವು ಉಂಡೆವು, ಮಲಗಿದೆವು.

ಕಂಪನಿಯಲ್ಲಿ ಹೆಚ್ಚಿನವರು ತಮಿಳರು, ಮಲೆಯಾಳದವರು. ನಮ್ಮ ಸೀಮೆಯವರು ಮೂವರೇ. ನಾನು. ನನ್ನ ಡೇರೆಯಲ್ಲೇ ಇದ್ದ ಪಾವಗಡದ ಕಡೆಯವನೊಬ್ಬ, ನನಗಿಂತ ಎಂಟು ವರ್ಷ ದೊಡ್ಡವನು, ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಮೂರನೆಯವರು ಹೊಳವನಹಳ್ಳಿ ಕಡೆಯ ರೈಟರು, ಕಂಪನಿ ಆಫೀಸಿನಲ್ಲಿ ಬರೆಯುವ ಕೆಲಸ. ಮೂವರಲ್ಲಿ ಅಕ್ಷರ ಬಲ್ಲವರು ಅವರೊಬ್ಬರೇ. ನಮ್ಮ ಊರಿನ ಕಾಗದ ಬಂದರೆ ಓದುವವರೂ ಅವರೇ, ಉತ್ತರ ಬರೆಯುವವರೂ ಅವರೇ. ಹಾಗೆ ಬಂದ ಒಂದು ಕಾಗದದಿಂದಲೇ ಹೆಂಡತಿ ಬಸುರಿ ಎಂದು ನನಗೆ ತಿಳಿದದ್ದು. ರೈಟರು ಅದನ್ನು ಎರಡು ಸಲ ಓದಿ, "ಹನ್ನೆರಡೇ ದಿನಕ್ಕೆ ಭೇಷ್ ಕಣ್ಲಾ" ಎಂದು ಬೆನ್ನು ತಟ್ಟಿದ್ದರು.

ಆ ಕ್ಯಾಂಪಿನಲ್ಲಿ ಒಂದು ಕಟ್ಟಳೆ ಇತ್ತು. ಸಂಜೆ ಕೆಲಸ ಮುಗಿದ ಮೇಲೆ ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರ ಪಾದ ಇನ್ನೊಬ್ಬರು ತೊಡೆಯ ಮೇಲಿಟ್ಟುಕೊಂಡು, ಮೀನಿನ ನಾತದ ಒಂದು ಕೊಬ್ಬನ್ನು ಹಚ್ಚಿ ತಿಕ್ಕಬೇಕು. ಆಮೇಲೆ ಒಂದೊಂದೇ ಬೆರಳನ್ನು ಚಿವುಟಿ, ಗೊತ್ತಾಗುತ್ತದೆಯೇ ಎಂದು ಕೇಳಬೇಕು. ಗೊತ್ತಾಗದಿದ್ದರೆ ಹವಾಲ್ದಾರನಿಗೆ ಹೇಳಬೇಕು. ಹೇಳದೆ ಬೆರಳು ಕಪ್ಪಾದರೆ ಇಬ್ಬರಿಗೂ ಶಿಕ್ಷೆ. ಮೊದಮೊದಲು ಹಿರಿಯವನಿಂದ ಕಾಲು ಹಿಡಿಸಿಕೊಳ್ಳಲು ನನಗೆ ಕಸಿವಿಸಿ. ಪಾವಗಡದಣ್ಣ ತನ್ನ ಕಡೆಯ ತೆಲುಗು ಬೆರೆಸಿ ಬೈಯುತ್ತಿದ್ದ, "ಕಾಲು ಚಾಚು ತಮ್ಮುಡೂ, ನಾನೇನ್ ನಿಂಗೆ ಅಳಿಯ ಅಂತ ಪಾದಪೂಜೆ ಮಾಡ್ತಾ ಇದೀನಾ? ಚೆಪ್ಪು, ಗೊತ್ತಾಯ್ತದಾ?"

"ಗೊತ್ತಾಯ್ತದೆ ಕಣಣ್ಣ."

"ಇದು?"

"ಅದೂ."

ಎಡಗಾಲಿನ ಕೊನೆಯ ಎರಡು ಬೆರಳು ಗೊತ್ತಾಗುತ್ತಿರಲಿಲ್ಲ. ಆದರೂ ಗೊತ್ತಾಯ್ತದೆ ಎನ್ನುತ್ತಿದ್ದೆ. ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿಯದು. ಆಸ್ಪತ್ರೆಯ ಭಯವಿರಲಿಲ್ಲ. ನೋವೂ ಇರಲಿಲ್ಲ. ಬೆರಳು ಇದ್ದರೆಷ್ಟು ಹೋದರೆಷ್ಟು ಎನ್ನುವಂತಾಗಿತ್ತು. ಹಿಮ ಎತ್ತಿ ಎತ್ತಿ ಮನಸ್ಸೂ ಮರಗಟ್ಟಿತ್ತು ಎಂದರೆ ಸರಿಯಾದೀತು. ರಸ್ತೆಯ ತಿರುವಿನಲ್ಲಿ ಒಂದು ಸತ್ತ ಹೇಸರಗತ್ತೆ ಹೂತುಕೊಂಡು ಬಿದ್ದಿತ್ತು. ಅದರ ಒಂದು ಕಿವಿ ಮಾತ್ರ ಹೊರಗೆ ಕಾಣುತ್ತಿತ್ತು. ನಾನು ತಿಂಗಳುಗಟ್ಟಲೆ ಆ ಕಿವಿಯ ಪಕ್ಕದಲ್ಲೇ ಸಲಿಕೆ ಹಾಕಿದೆ. ಅಯ್ಯೋ ಪಾಪ ಎನ್ನಿಸಲಿಲ್ಲ.

ಚಳಿ ಹೆಚ್ಚಾದ ಸಮಯದಲ್ಲಿ ರೈಟರಿಗೆ ಕಾಮಾಲೆ ಆಯಿತು. ಕಣ್ಣೆಲ್ಲ ಹಳದಿಯಾಗಿ, ಲಾರಿಯಲ್ಲಿ ಕೆಳಗಿನ ಆಸ್ಪತ್ರೆಗೆ ಕಳಿಸಿದರು. ಅವರು ಹೋದ ಐದನೇ ದಿನ ಇನ್ನೊಂದು ಲಾರಿ ಸಾಮಾನು, ಟಪಾಲು ತಂದಿತು. ಅದು ಕೆಳಗಿಳಿದ ಮೇಲೆ ಸುರಿಯಲು ಶುರುವಾದ ಹಿಮ ಮೂರು ದಿನ ನಿಲ್ಲಲಿಲ್ಲ. ನಮ್ಮ ಬೆಟ್ಟಕ್ಕೂ ಕೆಳಗಿನ ಲೋಕಕ್ಕೂ ನಡುವೆ ರಸ್ತೆ ಇತ್ತು ಎಂಬ ಗುರುತೇ ಉಳಿಯಲಿಲ್ಲ.

ಆ ಟಪಾಲಿನಲ್ಲಿ ನನಗೊಂದು ಕಾಗದ ಇತ್ತು. ಲಕೋಟೆಯನ್ನು ಬಿಚ್ಚಿ ಓದಿ ಮತ್ತೆ ಪಟ್ಟಿ ಅಂಟಿಸಿದ್ದರು. ಅದು ಹೊಸದಲ್ಲ, ಯುದ್ಧದಲ್ಲಿ ಎಲ್ಲರ ಕಾಗದವನ್ನೂ ಸರ್ಕಾರದವರು ಓದಿಯೇ ಕಳಿಸುತ್ತಿದ್ದರು. ಮೇಲೆ ನಮ್ಮೂರ ಮೇಷ್ಟರ ಓರೆ ಅಕ್ಷರ, ಅಷ್ಟು ಮಾತ್ರ ನನಗೆ ಗುರುತು ಸಿಗುತ್ತಿತ್ತು. ಓದಲು ಬಾರದಿದ್ದರೂ ಬಿಚ್ಚಿ ನೋಡುವ ಚಟ. ಅಡುಗೆ ಡೇರೆಯ ಮುಂದೆ ನಿಂತು ಬಿಚ್ಚಿದೆ. ಕಾಗದದ ಮೇಲಿನ ಬಲಮೂಲೆ ಇರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಈಗಿನವರಿಗೆ ಹೇಳಬೇಕು. ಶುಭದ ಕಾಗದವಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಾರೆ. ಸಾವಿನ ಕಾಗದವಾದರೆ ಒಂದು ಮೂಲೆ ಹರಿದು ಕಳಿಸುತ್ತಾರೆ. ಓದು ಬಾರದವರಿಗೂ ಕೈಗೆ ಬಂದ ಕೂಡಲೆ ತಿಳಿಯಲಿ ಎಂದು. ಅಂಥ ಕಾಗದವನ್ನು ಹೊಸ್ತಿಲೊಳಗೆ ತರುವುದಿಲ್ಲ. ಬಾಗಿಲಾಚೆ ನಿಂತು ಓದಿಸಿ, ಹರಿದು ಬಿಸಾಕಿ, ತಲೆ ಮೇಲೆ ನೀರು ಹೊಯ್ದುಕೊಂಡೇ ಒಳಗೆ ಬರಬೇಕು.

ನನಗೆ ಊರಿನಲ್ಲಿ ಇದ್ದವರು ಇಬ್ಬರು. ಅವ್ವ ಮತ್ತು ಹೆಂಡತಿ. ಚಿಕ್ಕಪ್ಪ ಸತ್ತಿರಬಹುದಲ್ಲ ಎಂದು ನೀವು ಕೇಳಬಹುದು. ನನಗೂ ಆ ಆಸೆ ಒಂದು ಗಳಿಗೆ ಬಂತು, ದೇವರು ಕ್ಷಮಿಸಲಿ. ಆದರೆ ಕಾಗದದ ಕೊನೆಯಲ್ಲಿ ಚಿಕ್ಕಪ್ಪನ ಹೆಬ್ಬೆಟ್ಟಿತ್ತು. ಎಡಕ್ಕೆ ಗಾಯದ ಗೆರೆ ಇದ್ದ ಹೆಬ್ಬೆಟ್ಟು, ಕುಡುಗೋಲು ತಾಗಿದ್ದು. ಹಿಂದಿನ ಕಾಗದಗಳಲ್ಲೆಲ್ಲ ಅವ್ವನದೂ ಪಕ್ಕದಲ್ಲಿ ಇರುತ್ತಿತ್ತು. ಇದರಲ್ಲಿ ಇರಲಿಲ್ಲ. ಹೆಂಡತಿಗೆ ದಿನ ತುಂಬಿರಬೇಕಾದ ತಿಂಗಳೂ ಅದೇ. ಲೆಕ್ಕ ಎರಡು ಕಡೆಗೂ ಸರಿಹೋಗುತ್ತಿತ್ತು.

ಕಾಗದವನ್ನು ಡೇರೆಯೊಳಗೆ ಒಯ್ಯುವಂತಿಲ್ಲ. ಓದಿಸದೆ ಹರಿಯುವಂತೆಯೂ ಇಲ್ಲ. ಖಾಲಿ ಬಿಸ್ಕತ್ತಿನ ಡಬ್ಬ ತಂದು ಅದರಲ್ಲಿ ಇಟ್ಟು, ಕಲ್ಲುಗೋಡೆಯ ಬುಡದಲ್ಲಿ ಹಿಮದೊಳಗೆ ಹೂತು, ಮೇಲೊಂದು ಕಲ್ಲು ಹೇರಿದೆ. ಆಮೇಲೆ ಹೋಗಿ ಬಕೀಟಿನ ನೀರನ್ನು ಬಟ್ಟೆಯ ಸಮೇತ ತಲೆಯ ಮೇಲೆ ಸುರಿದುಕೊಂಡೆ. ನೀರಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಒಡೆದು ಸುರಿದುಕೊಳ್ಳಬೇಕಾಯಿತು. ಪಾವಗಡದಣ್ಣ ಓಡಿ ಬಂದ. "ಹುಚ್ಚು ಹಿಡೀತೇನಪ್ಪಾ ನಿಂಗೆ! ಸತ್ತೋಗ್ತೀಯ!" ಎಂದು ಕೂಗಿದ. ನಾನು ಗೋಡೆಯ ಕಡೆ ಕೈ ತೋರಿಸಿ, "ಮೂಲೆ ಇಲ್ಲ ಕಣಣ್ಣ" ಎಂದೆ. ಅವನಿಗೆ ಅಷ್ಟು ಸಾಕಾಯಿತು. ತನ್ನ ಕಂಬಳಿ ತಂದು ಹೊದಿಸಿದ. ನಾನು ಅಳಲಿಲ್ಲ. ಅಳು ಬರಲೆಂದು ಕಾದೆ, ಬರಲಿಲ್ಲ. ಹಲ್ಲು ಮಾತ್ರ ಕಟಕಟ ಎನ್ನುತ್ತಿತ್ತು.

ಅಣ್ಣನೇ ಹೋಗಿ ತನಗೆ ಬರುತ್ತಿದ್ದ ಮುರುಕು ಹಿಂದೂಸ್ತಾನಿಯಲ್ಲಿ ಸಾಹೇಬನಿಗೆ ಹೇಳಿದ. ಯಾರು ಸತ್ತದ್ದು ಎಂದು ಸಾಹೇಬ ಕೇಳಿದನಂತೆ. ಅಣ್ಣ ಗೊತ್ತಿಲ್ಲ ಎನ್ನಲು ಹೆದರಿ, ತಾಯಿ ಎಂದುಬಿಟ್ಟ. ಸಾಹೇಬ ನನ್ನನ್ನು ಕರೆದು, ಎದ್ದು ನಿಂತು, ನನ್ನ ಕೈ ಕುಲುಕಿದ. ಮೂರು ದಿನ ಕೆಲಸಕ್ಕೆ ರಜೆ ಕೊಟ್ಟ. ಮಂದ ಹಾಲಿನ ಒಂದು ಡಬ್ಬವನ್ನೂ ಕೊಟ್ಟ. ಅವನ ಕಣ್ಣು ಒದ್ದೆಯಾಗಿತ್ತು, ನನ್ನದಲ್ಲ. ಇವನಿಗೇಕೆ ಇಷ್ಟು ಎಂದು ನಾನು ಸುಮ್ಮನೆ ನೋಡುತ್ತ ನಿಂತೆ. ರಜೆ ಬೇಡವೆಂದು ಮಾರನೇ ದಿನವೇ ಸಲಿಕೆ ಹಿಡಿದೆ. ಡೇರೆಯಲ್ಲಿ ಕೂತು ಮಾಡುವುದೇನಿತ್ತು?

ಮೂರನೇ ದಿನ ಹಾಲು ತುಪ್ಪ ಬಿಟ್ಟು ಎಡೆ ಇಡಬೇಕು. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದು ಇರಬೇಕು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದು ಲೆಕ್ಕ. ಮುಟ್ಟದೆ ಹೋದರೆ ಏನೋ ಆಸೆ ಉಳಿಸಿಕೊಂಡು ಹೋಗಿದ್ದಾರೆ. ಎರಡನೇ ದಿನ ಸಂಜೆ ನನ್ನ ಪಾದ ತಿಕ್ಕುತ್ತ ಅಣ್ಣ ಕೇಳಿದ, "ಎಡೆ ಯಾರಿಗಂತ ಇಕ್ತೀಯಪ್ಪಾ? ಬದುಕಿರೋರಿಗೆ ಇಕ್ಕಿದ್ರೆ ಒಳ್ಳೇದಲ್ಲ. ರೈಟರು ಬರಗಂಟ ಕಾಯಿ."

"ರೈಟರು ಯಾವಾಗ ಬರ್ತಾರಣ್ಣ? ಹಿಮ ಕರಗೋದು ಯಾವಾಗ?"

ಅವನು ಇನ್ನಷ್ಟು ಕೊಬ್ಬು ಹಚ್ಚಿದ. ಬೆರಳು ಚಿವುಟಿ, "ಗೊತ್ತಾಯ್ತದಾ?" ಎಂದ. "ಗೊತ್ತಾಯ್ತದೆ" ಎಂದೆ.

ನಾನು ಅವ್ವನನ್ನು ಆರಿಸಿದೆ. ಈ ವಾಕ್ಯವನ್ನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ನೇರವಾಗಿ ಹೇಳಿಬಿಡುತ್ತೇನೆ. ಆಕೆಗೆ ವಯಸ್ಸಾಗಿದೆ, ಹುಡುಗಿ ಇನ್ನೂ ಬಾಳಬೇಕಾದವಳು, ಹೊಟ್ಟೆಯಲ್ಲಿ ಕೂಸಿದೆ, ಹೀಗೆಂದು ನ್ಯಾಯ ಮಾತಾಡಿಕೊಂಡೆ. ಅದೆಲ್ಲ ಬೂಟಾಟಿಕೆ. ನಿಜವಾದ ಕಾರಣ ಬೇರೆ. ಹೆಂಡತಿಗೆ ಎಡೆ ಇಡೋಣವೆಂದರೆ ಆಕೆಗೆ ಏನು ಇಷ್ಟ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಹನ್ನೆರಡು ದಿನದಲ್ಲಿ ಆಕೆ ನನ್ನ ಎದುರು ಊಟ ಮಾಡಿರಲಿಲ್ಲ. ಅವ್ವನದು ಗೊತ್ತಿತ್ತು. ಗೊತ್ತಿದ್ದವಳನ್ನೇ ಸತ್ತವಳನ್ನಾಗಿ ಮಾಡಿದೆ.

ಬೆಟ್ಟದ ಮೇಲೆ ಕಡ್ಲೆಕಾಯಿ ಎಲ್ಲಿಂದ ಬರಬೇಕು? ಬೆಲ್ಲ ನಮ್ಮ ರೇಷನ್ನಿನಲ್ಲೇ ಇತ್ತು. ಕೆಳಗಿನ ತಿರುವಿನ ಹಳ್ಳಿಯ ಒಬ್ಬ ಮುದುಕಿ ಶರತ್ಕಾಲದಲ್ಲಿ ನಮಗೆಲ್ಲ ಒಂದು ಬಗೆಯ ಕಾಯಿ ಕೊಟ್ಟಿದ್ದಳು. ಕಂದು ಸಿಪ್ಪೆ, ಸುಟ್ಟರೆ ಗೆಣಸಿನ ರುಚಿ. ಅವುಗಳಲ್ಲಿ ನಾಲ್ಕು ಅಣ್ಣನ ಚೀಲದಲ್ಲಿ ಉಳಿದಿದ್ದವು. ಒಲೆಯಲ್ಲಿ ಹುರಿದೆ. ತಲೆ ಬೋಳಿಸಿಕೊಂಡೆ, ಅಣ್ಣನೇ ಕತ್ತಿ ಹಿಡಿದ. ಕ್ಯಾಂಪಿನ ಹಿಂದಿನ ಇಳಿಜಾರಿನಲ್ಲಿ ಮೂರು ಕಲ್ಲು ಜೋಡಿಸಿ, ಡಬ್ಬದ ಹಾಲು, ಡಬ್ಬದ ತುಪ್ಪ ಬಿಟ್ಟೆ. ತಗಡಿನ ತಟ್ಟೆಯಲ್ಲಿ ಅನ್ನ, ಆ ಕಾಯಿ, ಬೆಲ್ಲ ಇಟ್ಟು, "ಅವ್ವಾ, ಬಾ" ಎಂದೆ. ಹಿಂದಕ್ಕೆ ಸರಿದು ನಿಂತೆವು.

ಕಾಯಬೇಕಾಗಲೇ ಇಲ್ಲ. ಆ ಬೆಟ್ಟದಲ್ಲಿ ಕಾಗೆಯಂಥ ಒಂದು ಹಕ್ಕಿ ಇತ್ತು. ಮೈಯೆಲ್ಲ ಕಪ್ಪು, ಕೊಕ್ಕು ಮಾತ್ರ ಹಳದಿ, ಕಾಲು ಕೆಂಪು. ನಾವು ಎರಡು ಹೆಜ್ಜೆ ಹಿಂದಿಟ್ಟಿರಲಿಲ್ಲ, ನಾಲ್ಕು ಬಂದು ಎರಗಿದವು. ಬೆಲ್ಲವನ್ನೂ ಬಿಡಲಿಲ್ಲ. ಒಂದು ಗಳಿಗೆಯಲ್ಲಿ ತಟ್ಟೆ ಖಾಲಿ.

"ಪುಣ್ಯವಂತೆ ಕಣಪ್ಪಾ ನಿಮ್ಮವ್ವ" ಎಂದ ಅಣ್ಣ, ಕಣ್ಣೊರೆಸಿಕೊಂಡು. "ಒಂದು ಆಸೇನೂ ಇಟ್ಕಳ್ದೆ ಹೋದಳು."

ನಾನು ತಟ್ಟೆ ಎತ್ತಿಕೊಂಡು, ಹಿಮದಲ್ಲಿ ಉಜ್ಜಿ ತೊಳೆದು, ಅದರಲ್ಲೇ ಮಧ್ಯಾಹ್ನದ ಊಟ ಹಾಕಿಸಿಕೊಂಡೆ. ಹಸಿವಾಗಿತ್ತು, ಎರಡು ಸಲ ಹಾಕಿಸಿಕೊಂಡು ಉಂಡೆ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆ.

ಆಮೇಲಿನ ದಿನಗಳು ಒಂದರಂತೆ ಒಂದು. ಸೀಟಿ, ಟೀ, ಸಲಿಕೆ, ಅನ್ನ, ಸಲಿಕೆ, ಪಾದ. ಡಬ್ಬ ಗೋಡೆಯ ಬುಡದಲ್ಲೇ ಇತ್ತು. ದಿನಾ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆ. ಅವ್ವನ ಮುಖ ನೆನೆಸಿಕೊಳ್ಳಲು ಹೋದರೆ ಆಕೆಯ ಕೈ ಮಾತ್ರ ನೆನಪಿಗೆ ಬರುತ್ತಿತ್ತು, ಗಂಟು ಕೊಟ್ಟ ಕೈ. ತಿಳಿದ್ರೆ ತಾನೆ ಏನು ಎಂದಿದ್ದೆನಲ್ಲ. ಈಗ ತಿಳಿದಿತ್ತು, ಎದ್ದು ಹೋಗಲಾಗಲಿಲ್ಲ, ಅಷ್ಟೇ ಅಲ್ಲದೆ ಏನೂ ಅನ್ನಿಸಲೂ ಇಲ್ಲ. ನನ್ನ ಮಾತು ಅಕ್ಷರಶಃ ನಿಜವಾಗಿತ್ತು.

ರಸ್ತೆ ತೆರೆದದ್ದು ಇಪ್ಪತ್ತೆರಡು ದಿನದ ಮೇಲೆ. ಎರಡನೇ ಲಾರಿಯಲ್ಲಿ ರೈಟರು ಬಂದರು, ಸಣ್ಣಗಾಗಿ, ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ನನ್ನ ಬೋಳುತಲೆಯನ್ನು ಒಮ್ಮೆ ನೋಡಿದರು. ನಾನು ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಡಬ್ಬ ತೆಗೆದುಕೊಟ್ಟೆ. ಅಣ್ಣನೂ ಬಂದು ನಿಂತ.

ರೈಟರು ಕಾಗದ ಬಿಚ್ಚಿ ಮನಸ್ಸಿನಲ್ಲೇ ಓದಿಕೊಂಡರು. ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಓದಿದರು.

"ಯಾರ್ಲಾ ನಿಂಗೆ ಹೇಳಿದ್ದು ಸಾವು ಅಂತ?"

"ಮೂಲೆ ಇಲ್ವಲ್ಲ ರೈಟ್ರೆ."

"ಅಯ್ಯೋ ನಿನ್ ಮನೆ ಕಾಯ್ವಾಗ! ಇದು ಹರ್ದಿರೋದಲ್ಲ ಕಣ್ಲಾ, ಕತ್ತರಿ ಹಾಕಿರೋದು. ನೋಡಿಲ್ಲಿ ಅಂಚು, ಹೆಂಗೆ ನೆಟ್ಟಗೈತೆ. ನಿಮ್ ಮೇಷ್ಟ್ರು ಪೇಪರ್ ಓದೋರು. ನಮ್ ಕಂಪನಿ ಯಾವ ದೇಶದಲ್ಲೈತೆ, ಯಾವ ಬೆಟ್ಟದಲ್ಲೈತೆ ಅಂತ ತಮ್ ಬುದ್ಧಿ ಎಲ್ಲ ಖರ್ಚು ಮಾಡಿ ಮೂಲೇಲಿ ಬರ್ದಿರ್ತಾರೆ. ಸರ್ಕಾರದೋರು ಅಷ್ಟನ್ನೂ ಕತ್ತರಿಸಿ ಬಿಸಾಕವ್ರೆ." ಆಮೇಲೆ ಉಳಿದ ಮೂರು ಮೂಲೆಗಳ ಮೇಲೆ ಬೆರಳಿಟ್ಟು ತೋರಿಸಿದರು. "ಇದೇನ್ಲಾ ಇದು?"

ಹಳದಿ ಕಲೆ. ಮೊದಲ ದಿನವೇ ನಾನು ನೋಡಿದ್ದೆ. ದಾರಿಯಲ್ಲಿ ನೀರು ತಾಗಿ ಕಾಗದ ಹಳೆಯದಾಗಿದೆ ಎಂದುಕೊಂಡಿದ್ದೆ. ಅದು ಅರಿಶಿನ.

ರೈಟರು ಗಟ್ಟಿಯಾಗಿ ಓದಿದರು. ನಿನಗೆ ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಕ್ಷೇಮ. ನಿಮ್ಮವ್ವ ಬಾಣಂತಿಯ ಜೊತೆ ಬೀಗರ ಊರಿನಲ್ಲೇ ಇದ್ದಾಳೆ, ಅದಕ್ಕೆ ಆಕೆಯ ಹೆಬ್ಬೆಟ್ಟು ಹಾಕಿಸಲಾಗಲಿಲ್ಲ. ಕೂಸಿನ ಮೂಗು ನಿನ್ನದೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹೊರಡೋ ದಿನ ನಾನೊಂದು ಕೆಟ್ಟ ಮಾತು ಆಡಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ ಬರೆಸು ಎಂದು ಹೇಳಿ ಕಳಿಸಿದ್ದಾಳೆ.

ಕೆಟ್ಟ ಮಾತು ಆಡಿದವನು ನಾನು, ಬೇಡಿಕೊಂಡವಳು ಆಕೆ. ಆಕೆ ಬೇಡಿಕೊಂಡದ್ದು ಇಪ್ಪತ್ತೆರಡು ದಿನ ಬಿಸ್ಕತ್ತಿನ ಡಬ್ಬದಲ್ಲಿ ಹಿಮದೊಳಗೆ ಬಿದ್ದಿತ್ತು.

ಪಾವಗಡದಣ್ಣ ಕುಣಿದ. ನನ್ನ ಬೋಳುತಲೆಯ ಮೇಲೆ ತಬಲ ಬಾರಿಸಿದ. ರೈಟರು ಸಾಹೇಬನಿಗೆ ವಿಷಯ ಮುಟ್ಟಿಸಿದರು. ಹವಾಲ್ದಾರ ಮಾತ್ರ, ಒಂದು ಡಬ್ಬ ಹಾಲಿಗಾಗಿ ಹೆತ್ತತಾಯಿಯನ್ನೇ ಸಾಯಿಸಿದ ಬದ್ಮಾಷ್ ಎಂದು ಎಲ್ಲರೆದುರು ಕೂಗಾಡಿ, ಒಂದು ವಾರ ಅಡುಗೆ ಪಾತ್ರೆ ತಿಕ್ಕುವ ಕೆಲಸ ಕೊಟ್ಟ. ಕಂಪನಿಯೆಲ್ಲ ನಕ್ಕಿತು. ನಾನೂ ನಕ್ಕಿರಬೇಕು. ಒಳಗೆ ಏನೂ ಅಲುಗಲಿಲ್ಲ. ಅವ್ವ ಸತ್ತಾಗ ಬಾರದ ದುಃಖದಂತೆ ಆಕೆ ಬದುಕಿದಾಗ ಸಂತೋಷವೂ ಬರಲಿಲ್ಲ. ಇಟ್ಟದ್ದನ್ನು ಹಕ್ಕಿ ತಿಂದಾಗಿತ್ತು. ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಉತ್ತರ ಬರೆಸುವಾಗ ಕ್ಷೇಮ ಎಂದಷ್ಟೇ ಹೇಳಿದೆ.

ಊರಿಗೆ ಬಂದದ್ದು ಮಾರನೇ ವರ್ಷ. ಆ ಹೊತ್ತಿಗೆ ಎಡಗಾಲಿನ ಎರಡು ಬೆರಳು ಹೋಗಿದ್ದವು. ಅಣ್ಣನಿಗೂ ಶಿಕ್ಷೆಯಾಯಿತು, ಪಾಪ, ನನ್ನ ಸುಳ್ಳಿಗೆ. ಮನೆಗೆ ಬಂದಾಗ ಕೂಸು ನನ್ನನ್ನು ನೋಡಿ ಕಿಟಾರನೆ ಕಿರುಚಿ ಅವ್ವನ ಸೀರೆಯೊಳಗೆ ಸೇರಿಕೊಂಡಿತು. ಹೆಂಡತಿಯೊಡನೆ ಮಾತಾಡಲು ಸಿಕ್ಕ ಮೊದಲ ಗಳಿಗೆಯಲ್ಲಿ ನಾನು ಕೇಳಿದ್ದು, "ನಿಂಗೆ ತಿನ್ನಾಕೆ ಏನಿಷ್ಟ?" ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಯುದ್ಧದಲ್ಲಿ ತಲೆಗೆ ಪೆಟ್ಟಾಗಿರಬೇಕು ಎಂದುಕೊಂಡು, ಹೆದರಿಕೊಂಡೇ, "ಹುಣಸೆ ಚಿಗುರು" ಎಂದಳು. ನಾನು ಅದನ್ನು ಇವತ್ತಿಗೂ ಮರೆತಿಲ್ಲ.

ಬಂದ ನಾಲ್ಕನೇ ದಿನ ಎಣ್ಣೆಸ್ನಾನ. ಬೆಳಗ್ಗೆ ಜಗುಲಿಯ ಬಿಸಿಲಿನಲ್ಲಿ ಕೂರಿಸಿ ಅವ್ವ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಒಳಗೆ ಒಲೆಯ ಮೇಲೆ ಕಡ್ಲೆಕಾಯಿ ಹುರಿಯಲು ಹಾಕಿ ಬಂದಿದ್ದಳು. ಎಡಪಾದಕ್ಕೆ ಬಂದಾಗ ಆಕೆಯ ಕೈ ನಿಂತಿತು. ಬೆರಳು ಇದ್ದ ಜಾಗವನ್ನು ಮೆಲ್ಲಗೆ ಸವರಿ, "ಇಲ್ಲಿ ಮುಟ್ಟಿದ್ರೆ ಗೊತ್ತಾಯ್ತದೇನ್ಲಾ ಮಗ?" ಎಂದಳು.

"ಇಲ್ಲ ಕಣವ್ವ" ಎಂದೆ. ಮೊದಲ ಸಲ ನಿಜ ಹೇಳಿದ್ದೆ. ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಾಯಿಗೆ ಬಂದುಬಿಟ್ಟಿತು. ಮೂಲೆ ಇಲ್ಲದ ಕಾಗದ, ಡಬ್ಬ, ಬೋಳುತಲೆ, ಇಬ್ಬರಲ್ಲಿ ಆಕೆಯನ್ನೇ ಆರಿಸಿದ್ದು, ಎಡೆ ಇಟ್ಟದ್ದು, ಎಲ್ಲ ಹೇಳಿದೆ. ತಲೆಯೆತ್ತಲಿಲ್ಲ.

ಅವ್ವ ನಕ್ಕಳು. "ಬದುಕಿರೋಳಿಗೆ ಎಡೆ ಇಕ್ಕಿದ್ಯಾ? ಭೇಷಾಯ್ತು ಬುಡು, ಆಯಸ್ಸು ಹೆಚ್ತದೆ. ಆ ಹುಡುಗೀನ ಬುಟ್ಟು ನನ್ನ ಆರಿಸಿದ್ದೂ ಒಳ್ಳೇದೇ ಆಯ್ತು. ಏನಿಕ್ಕಿದ್ದೆ?"

"ಆ ದೇಶದ ಯಾವುದೋ ಕಾಯಿ. ಕಡ್ಲೆಕಾಯಿ ಬದ್ಲಿಗೆ. ಬೆಲ್ಲ."

"ಕಾಗೆ ಮುಟ್ತಾ?"

"ಹೂಂ. ಇಕ್ಕಿದ ತಕ್ಷಣ."

ಅವ್ವನ ನಗು ನಿಂತಿತು. ಆಕೆಗೆ ಅದು ಸರಿಬರಲಿಲ್ಲ. ಎಣ್ಣೆಯ ಕೈಯನ್ನು ನನ್ನ ಪಾದದ ಮೇಲೆ ಹಾಗೇ ಇಟ್ಟುಕೊಂಡು ಕೇಳಿದಳು,

"ಅದರ ಕೊಕ್ಕು ಹೆಂಗಿತ್ತು?"

"ಹಳದಿ."

"ಹಂಗನ್ನು. ಅದು ಕಾಗೆ ಅಲ್ಲ ಬುಡು" ಎಂದಳು. ದನಿಯಲ್ಲಿ ಸಿಟ್ಟಿತ್ತು, ಯಾರೋ ತನ್ನ ಮೇಲೆ ಸುಳ್ಳು ಹೇಳಿದ ಹಾಗೆ. "ನೀನು ಇನ್ನೂ ಮನೆಗೆ ಬಂದಿರ್ಲಿಲ್ಲ ಕಣ್ಲಾ. ನಿನ್ ಮುಖ ನೋಡ್ದೆ ಹೋಗಿದ್ರೆ, ನಾನು ಎಡೆ ಮುಟ್ತಿದ್ನಾ?"

ಆಗ ನನಗೆ ಅಳು ಬಂತು. ಬೆಟ್ಟದ ಮೇಲೆ ಕಾದು ಕಾದು ಬಾರದೆ ಹೋದದ್ದು, ಜಗುಲಿಯ ಮೇಲೆ, ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಬಂತು. ಅವ್ವ ಸುಮ್ಮನಿರು ಎನ್ನಲಿಲ್ಲ. ಕಾಲು ತಿಕ್ಕುವುದನ್ನೂ ನಿಲ್ಲಿಸಲಿಲ್ಲ. ಒಳಗೆ ಬಾಣಲೆಯಲ್ಲಿ ಕಡ್ಲೆಕಾಯಿ ಸೀದ ವಾಸನೆ ಬರುತ್ತಿತ್ತು, ಇಬ್ಬರೂ ಏಳಲಿಲ್ಲ.